ಬೇಸಿಗೆಯಲ್ಲಿ ಮನೆಯ ಹುಲ್ಲುಹಾಸು: ಕತ್ತರಿಸುವ ಎತ್ತರ, ನೀರು, ಗೊಬ್ಬರದ ಬಗ್ಗೆ ಸಲಹೆ ಬೇಕು

ಅಂಗಳದ ಹಸಿರು, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಂದೆ ಸುಮಾರು 600 ಚದರಡಿ ಹುಲ್ಲುಹಾಸು ಇದೆ. ನರ್ಸರಿಯವರು ಮೆಕ್ಸಿಕನ್ ಹುಲ್ಲು ಎಂದು ಹೇಳಿ ಹಾಸಿಕೊಟ್ಟದ್ದು. ಎಲೆ ಸೂಜಿಯಷ್ಟು ಸಣ್ಣ, ಬೆಳವಣಿಗೆ ಬಹಳ ಒತ್ತು. ಸಂಕ್ರಾಂತಿಯವರೆಗೂ ಚೆನ್ನಾಗಿಯೇ ಇತ್ತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಅಲ್ಲಲ್ಲಿ ಬಣ್ಣ ಕಳೆದುಕೊಳ್ಳತೊಡಗಿತು. ನಿರ್ವಹಣೆಗೆ ಗೊತ್ತುಮಾಡಿಕೊಂಡಿರುವ ಗುತ್ತಿಗೆದಾರರ ಕಡೆಯ ಮಾಲಿ ಬ್ರಷ್ ಕಟರ್ ತಂದು ಬುಡಮಟ್ಟಕ್ಕೆ ಬೋಳಿಸಿ ಹೋದ ಮೇಲಂತೂ ಅರ್ಧಕ್ಕಿಂತ ಹೆಚ್ಚು ಭಾಗ ಕಂದು ಬಣ್ಣಕ್ಕೆ ತಿರುಗಿದೆ. ಬೇಸಿಗೆಯಲ್ಲಿ ಗಿಡ್ಡಗೆ ಕತ್ತರಿಸಿದರೆ ನೀರು ಕಡಿಮೆ ಸಾಕಾಗುತ್ತದೆ ಎಂಬುದು ಅವರ ವಾದ. ನನಗೆ ಅದು ಸರಿ ಕಾಣುತ್ತಿಲ್ಲವಾದರೂ ಕಾರಣ ಕೊಟ್ಟು ಹೇಳುವಷ್ಟು ತಿಳಿವಳಿಕೆ ಇಲ್ಲ. ಅಮ್ಮ ದಿನಾ ಬೆಳಿಗ್ಗೆ ಬರಿಗಾಲಿನಲ್ಲಿ ಇದರ ಮೇಲೆಯೇ ನಡೆಯುತ್ತಾರೆ. ಹಾಗಾಗಿ ಇದನ್ನು ಉಳಿಸಿಕೊಳ್ಳಬೇಕೆಂಬ ಆಸೆ ದೊಡ್ಡದಿದೆ. ಎಷ್ಟು ಎತ್ತರಕ್ಕೆ ಕತ್ತರಿಸಬೇಕು, ನೀರು ಎಷ್ಟು, ಈಗ ಯೂರಿಯಾ ಹಾಕಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಬೇರು ಮತ್ತು ಎಲೆ, ಬೆಂಗಳೂರು:

ಅಂಗಳದ ಹಸಿರು ಅವರೇ, ತೋಟಗಾರಿಕೆ ಓದಿದವಳಾಗಿ, ನಿಮ್ಮ ಮಾಲಿಯ ವಾದದಿಂದಲೇ ತೊಡಗುತ್ತೇನೆ. ಈ ಒಂದು ನಂಬಿಕೆಯಿಂದ ಪ್ರತಿ ಬೇಸಿಗೆಯಲ್ಲೂ ಬೆಂಗಳೂರಿನ ಅದೆಷ್ಟೋ ಅಂಗಳಗಳು ಹಾಳಾಗುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಎಲೆ ಹೆಚ್ಚಿದ್ದರೆ ಎಲೆಯ ಮೂಲಕ ಆವಿಯಾಗುವ ನೀರು ತುಸು ಹೆಚ್ಚು ಎಂಬ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಹುಲ್ಲಿನ ಬೇರು ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಮೇಲಿರುವ ಎಲೆ ತಯಾರಿಸಿ ಕಳಿಸುವ ಆಹಾರ. ಬುಡಮಟ್ಟಕ್ಕೆ ಕತ್ತರಿಸಿದಾಗ ಸಸ್ಯವು ಬೇರಿನ ಬೆಳವಣಿಗೆಯನ್ನು ನಿಲ್ಲಿಸಿ, ಕೂಡಿಟ್ಟ ಆಹಾರವನ್ನೆಲ್ಲ ಹೊಸ ಎಲೆಗೆ ಖರ್ಚುಮಾಡುತ್ತದೆ. ಬೇರು ಮೇಲ್ಪದರದಲ್ಲೇ ಉಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಮೊದಲು ಒಣಗುವುದೂ ಆ ಮೇಲ್ಪದರವೇ. ಅದರ ಜೊತೆಗೆ ನೆರಳಿಲ್ಲದ ಮಣ್ಣು ಕಾದು, ಹುಲ್ಲಿನ ಚಿಗುರು ಹೊರಡುವ ಬುಡವೇ ಸುಟ್ಟುಹೋಗುವ ಅಪಾಯವಿದೆ.

ನೀವು ಹೇಳುವ ಮೆಕ್ಸಿಕನ್ ಹುಲ್ಲು ಜೋಯ್ಸಿಯಾ ಜಾತಿಗೆ ಸೇರಿದ್ದು. ಕೊರಿಯನ್ ಕಾರ್ಪೆಟ್ ಎಂಬ ಹೆಸರಿನಲ್ಲೂ ಇದರ ತಳಿಗಳನ್ನು ಮಾರುತ್ತಾರೆ. ಇದರಲ್ಲಿ ಹಸಿರು ಎಲೆ ಇರುವುದು ಮೇಲಿನ ಒಂದು ತೆಳು ಪದರದಲ್ಲಿ ಮಾತ್ರ. ಕೆಳಗಿರುವುದೆಲ್ಲ ಒಣ ಕಾಂಡ, ಹಳೆಯ ಬಳ್ಳಿ. ಹಾಗಾಗಿ ಒಮ್ಮೆ ಆಳಕ್ಕೆ ಬೋಳಿಸಿದರೆ ಇಡೀ ಅಂಗಳ ಒಂದೇ ದಿನದಲ್ಲಿ ಕಂದಾಗುತ್ತದೆ. ಗರಿಕೆಯಾದರೆ ಬೇಗ ಚಿಗುರುತ್ತದೆ. ಜೋಯ್ಸಿಯಾ ನಿಧಾನ, ಚೇತರಿಸಿಕೊಳ್ಳಲು ವಾರಗಟ್ಟಲೆ ಸಮಯ ಕೇಳುತ್ತದೆ.

ಶಾಖದ ಬಗ್ಗೆ ಭಯ ಬೇಡ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಗರಿಕೆ, ಜೋಯ್ಸಿಯಾ, ಅಗಲ ಎಲೆಯ ಬಫಲೋ ಹುಲ್ಲು ಇವೆಲ್ಲ ಬಿಸಿ ನಾಡಿನ ಹುಲ್ಲುಗಳೇ ಆಗಿದ್ದು, 27ರಿಂದ 35 ಡಿಗ್ರಿಯಲ್ಲಿ ಹುರುಪಿನಿಂದ ಬೆಳೆಯುತ್ತವೆ. ನಮ್ಮಲ್ಲಿ ಅವನ್ನು ಕಂದಾಗಿಸುವುದು ನೀರಿನ ಕೊರತೆ ಮತ್ತು ಕತ್ತರಿಸುವವರ ಅವಸರ.

ಎತ್ತರದ ವಿಷಯಕ್ಕೆ ಬಂದರೆ, ಜೋಯ್ಸಿಯಾವನ್ನು ಮಳೆಗಾಲದಲ್ಲಿ 3 ಸೆಂ.ಮೀ. ಆಸುಪಾಸಿನಲ್ಲಿ ಇಟ್ಟುಕೊಂಡಿದ್ದರೆ ಬೇಸಿಗೆಗೆ 4ರಿಂದ 5 ಸೆಂ.ಮೀ.ಗೆ ಏರಿಸಬೇಕು. ಗರಿಕೆಗೆ 4 ಸೆಂ.ಮೀ. ಸಾಕು. ಬಫಲೋ ಹುಲ್ಲಾದರೆ 6ರಿಂದ 8 ಸೆಂ.ಮೀ.ಗಿಂತ ಕೆಳಗೆ ಇಳಿಸಲೇಬಾರದು. ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬ ನಿಯಮ ಎಲ್ಲ ಹುಲ್ಲಿಗೂ ಅನ್ವಯಿಸುತ್ತದೆ. ಅಂದರೆ 4 ಸೆಂ.ಮೀ. ಬೇಕಾದರೆ ಹುಲ್ಲು 6 ಸೆಂ.ಮೀ. ಆದಾಗ ಯಂತ್ರ ಓಡಿಸಬೇಕು. ಬೇಸಿಗೆಯಲ್ಲಿ ಬೆಳವಣಿಗೆ ಕುಂಠಿತವಾದಾಗ ವಾರಕ್ಕೊಮ್ಮೆ ಕತ್ತರಿಸುವ ಅಗತ್ಯವೇ ಇರುವುದಿಲ್ಲ. ಗುತ್ತಿಗೆಯ ಪ್ರಕಾರ ವಾರಕ್ಕೊಮ್ಮೆ ಬರುವವರು ಕೆಲಸ ಮಾಡಿದ್ದು ಕಾಣಲಿ ಎಂದು ಬೋಳಿಸುತ್ತಾರೆ. ಆ ಒಪ್ಪಂದವನ್ನು ಬೇಸಿಗೆಯ ಮಟ್ಟಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಬ್ರಷ್ ಕಟರ್‌ಗೆ ಚಕ್ರವಿಲ್ಲ, ಎತ್ತರ ನಿಗದಿಪಡಿಸುವ ವ್ಯವಸ್ಥೆಯಿಲ್ಲ. ಹಿಡಿದವರ ಕೈ ಎಷ್ಟು ಇಳಿಯುತ್ತದೋ ಅಷ್ಟು ಕತ್ತರಿಸುತ್ತದೆ. ಅದು ಬೇಲಿಯಂಚಿನ ಕಳೆಗೆ ಸರಿ, ಹುಲ್ಲುಹಾಸಿಗೆ ಸಲ್ಲದು. 600 ಚದರಡಿಗೆ ಕೈಯಲ್ಲಿ ತಳ್ಳುವ ಸಿಲಿಂಡರ್ ಮೋವರ್ ಧಾರಾಳವಾಗಿ ಸಾಕು. ಕತ್ತರಿಯ ಹಾಗೆ ಎರಡು ಅಲಗುಗಳ ನಡುವೆ ಎಲೆಯನ್ನು ಹಿಡಿದು ಕೊಯ್ಯುವುದರಿಂದ ಅದರ ಕೊಯ್ತ ಬಹಳ ನೀಟು. ವಿದ್ಯುತ್ತಿನ ರೋಟರಿ ಮೋವರ್ ಕೊಳ್ಳುವುದಾದರೆ ಎತ್ತರವನ್ನು ಕನಿಷ್ಠ 5 ಸೆಂ.ಮೀ.ವರೆಗೆ ಏರಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಹುಲ್ಲು ಕತ್ತರಿಸಿದ ಮಾರನೆಯ ದಿನ ಮಂಡಿಯೂರಿ ಕುಳಿತು ನಾಲ್ಕಾರು ಎಲೆಗಳನ್ನು ಕಿತ್ತು, ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲಗು ಹರಿತವಾಗಿದ್ದರೆ ತುದಿ ನೇರ ಗೆರೆಯಾಗಿ, ಹಸಿರಾಗಿಯೇ ಇರುತ್ತದೆ. ಮೊಂಡಾಗಿದ್ದರೆ ತುದಿ ಸೀಳಿ, ಬಿಳಿಯ ಎಳೆಗಳು ಹೊರಬಂದು, ಎರಡು ಮೂರು ದಿನದಲ್ಲಿ ಅಷ್ಟೂ ಒಣಗಿ ಇಡೀ ಅಂಗಳಕ್ಕೆ ಬೂದು ಛಾಯೆ ಬರುತ್ತದೆ. ಅದನ್ನು ನೀರಿನ ಕೊರತೆ ಎಂದು ತಿಳಿದು ಮತ್ತಷ್ಟು ನೀರು ಸುರಿಯುವವರು ಬಹಳ. ಬೇಕಾಗಿರುವುದು ಬ್ಲೇಡಿಗೆ ಸಾಣೆ.

ಎರೆ ಭೂಮಿ, ಧಾರವಾಡ:

ಮೇಡಂ ಅವರು ಎತ್ತರದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮಣ್ಣಿನ ಬಗ್ಗೆ ಒಂದೆರಡು ಮಾತು ಸೇರಿಸಬೇಕೆನಿಸಿತು, ಏಕೆಂದರೆ ಬೆಂಗಳೂರಿನ ಕೆಂಪು ಮಣ್ಣಿಗೆ ಸರಿಹೋಗುವ ನೀರಿನ ಪದ್ಧತಿ ನಮ್ಮ ಕಡೆಯ ಎರೆಗೆ ಹೊಂದುವುದಿಲ್ಲ. ಕೆಂಪು ಮಣ್ಣು ನೀರನ್ನು ಬೇಗ ಇಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಎರೆಮಣ್ಣು ಒಣಗಿದಾಗ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಒದ್ದೆಯಾದರೆ ಉಬ್ಬಿ ಮುಚ್ಚಿಕೊಂಡು ಒಳಗೆ ನೀರನ್ನೇ ಬಿಡುವುದಿಲ್ಲ. ಬಿರುಕಿರುವಾಗ ಪೈಪು ಬಿಟ್ಟು ಕುಳಿತರೆ ನೀರೆಲ್ಲ ಬಿರುಕಿನ ಮೂಲಕ ಬೇರಿಗಿಂತ ಕೆಳಗೆ ಇಳಿದು ವ್ಯರ್ಥವಾಗುತ್ತದೆ. ಹಾಗಾಗಿ ಮೊದಲು ಸಣ್ಣಗೆ ಸಿಂಪಡಿಸಿ ಮೇಲ್ಪದರವನ್ನು ಒದ್ದೆಮಾಡಿ, ಒಂದು ತಾಸು ಬಿಟ್ಟು, ಬಿರುಕು ಮುಚ್ಚುತ್ತಾ ಬಂದ ಮೇಲೆ ಉಳಿದ ನೀರನ್ನು ಎರಡು ಕಂತಿನಲ್ಲಿ ಕೊಡುವುದು ನಾವು ಕಂಡುಕೊಂಡ ದಾರಿ. ಒದ್ದೆ ಎರೆಯ ಮೇಲೆ ಮೋವರ್ ಓಡಿಸಬಾರದು, ಜನರೂ ಓಡಾಡಬಾರದು; ಒಮ್ಮೆ ತುಳಿದು ಗಟ್ಟಿಯಾದ ಎರೆಯನ್ನು ಸಡಿಲಿಸುವುದು ಬಹಳ ಕಷ್ಟ.

ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. ನೀರು ಹಾಕಿ ಕೆಲವು ತಾಸಿನ ನಂತರ ನೆಲಕ್ಕೆ ಒತ್ತಿದರೆ ಒದ್ದೆ ಇರುವಷ್ಟು ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಒಣ ಪದರ ಸಿಕ್ಕೊಡನೆ ನಿಲ್ಲುತ್ತದೆ. ನಾಲ್ಕೈದು ಇಂಚು ಇಳಿದರೆ ಬೇರಿಗೆ ಸಾಕಷ್ಟು ನೀರು ತಲುಪಿದೆ ಎಂದರ್ಥ.

ಅಂಗಳದ ಹಸಿರು, ಬೆಂಗಳೂರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಎಲೆಯ ತುದಿಯನ್ನು ನೋಡಿದೆ. ಮೇಡಂ ಹೇಳಿದಂತೆಯೇ ಸೀಳಿ ಬಿಳಿಯಾಗಿದೆ. ಗುತ್ತಿಗೆದಾರರಿಗೆ ಮಳೆ ಬರುವವರೆಗೆ ಕತ್ತರಿಸುವ ಕೆಲಸ ಬೇಡವೆಂದು ತಿಳಿಸಿದ್ದೇನೆ. ಈಗ ನೀರಿನ ಲೆಕ್ಕ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ನಮ್ಮಲ್ಲಿ ಕಾವೇರಿ ಸಂಪರ್ಕ ಇದೆ, ಬೋರ್‌ವೆಲ್ ಬತ್ತಿದೆ, ಅಗತ್ಯ ಬಿದ್ದಾಗ ಟ್ಯಾಂಕರ್ ತರಿಸುತ್ತೇವೆ. ಈಗ ದಿನಾ ಸಂಜೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡುತ್ತಿದ್ದೇವೆ.

ಹನಿ ಲೆಕ್ಕ, ಬೆಂಗಳೂರು:

ಮೊದಲಿಗೆ ಕಾನೂನಿನ ಮಾತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. 2025ರ ಫೆಬ್ರವರಿಯಲ್ಲಿ ಅದೇ ಆದೇಶವನ್ನು ಮತ್ತೆ ಹೊರಡಿಸಿತು. ಆದೇಶ ಇರಲಿ ಬಿಡಲಿ, ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಹುಲ್ಲಿಗೆ ಬಿಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. ನಿಮ್ಮ 600 ಚದರಡಿ ಸುಮಾರು 56 ಚದರ ಮೀಟರ್ ಆಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ಜಾತಿಯ ಹುಲ್ಲನ್ನು ಪೂರ್ತಿ ಹಸಿರಾಗಿಡಲು ವಾರಕ್ಕೆ 25 ಮಿ.ಮೀ. ಹತ್ತಿರ ನೀರು ಬೇಕು; ಅಂದರೆ ವಾರಕ್ಕೆ 1,400 ಲೀಟರ್, ತಿಂಗಳಿಗೆ ಸುಮಾರು 6,000 ಲೀಟರ್, ಒಂದು ಸಣ್ಣ ಟ್ಯಾಂಕರ್ ತುಂಬ. ಅದರ ಬದಲು ಹುಲ್ಲು ಕಂದಾಗಲಿ, ಬುಡ ಮಾತ್ರ ಸಾಯದಿರಲಿ ಎಂದು ಎರಡು ಮೂರು ವಾರಕ್ಕೊಮ್ಮೆ 12 ಮಿ.ಮೀ. ಕೊಟ್ಟರೆ ಸಲಕ್ಕೆ 670 ಲೀಟರ್, ತಿಂಗಳಿಗೆ ಸಾವಿರದಿಂದ ಸಾವಿರದ ನಾನೂರು ಲೀಟರಿನಲ್ಲಿ ಮುಗಿಯುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ನಿಮ್ಮ ತೀರ್ಮಾನ.

ದಿನಾ ಸಂಜೆಯ ಹತ್ತು ನಿಮಿಷವನ್ನು ದಯವಿಟ್ಟು ನಿಲ್ಲಿಸಿ. ಅಷ್ಟು ನೀರು ಮೇಲಿನ ಒಂದಂಗುಲವನ್ನು ಮಾತ್ರ ನೆನೆಸುತ್ತದೆ, ಬೇರನ್ನು ಮೇಲಕ್ಕೇ ಎಳೆದಿಡುತ್ತದೆ, ಮಾರನೆಯ ಮಧ್ಯಾಹ್ನದೊಳಗೆ ಆವಿಯಾಗುತ್ತದೆ. ಸಂಜೆ ಒದ್ದೆಯಾದ ಎಲೆ ರಾತ್ರಿಯಿಡೀ ಒದ್ದೆಯಾಗಿಯೇ ಉಳಿದರೆ ಶಿಲೀಂಧ್ರ ರೋಗಕ್ಕೂ ಆಸ್ಪದವಾಗುತ್ತದೆ. ಅಷ್ಟೇ ನೀರನ್ನು ಕೂಡಿಟ್ಟು, ವಾರಕ್ಕೊಮ್ಮೆ ಸೂರ್ಯ ಮೂಡುವ ಹೊತ್ತಿಗೆ ಒಟ್ಟಿಗೆ ಕೊಡಿ. ಸ್ಪ್ರಿಂಕ್ಲರ್ ಇದ್ದರೆ ನೇರ ಬದಿಯ ನಾಲ್ಕು ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು, ಕಾಲು ಗಂಟೆ ಓಡಿಸಿ, ಸ್ಕೇಲಿನಿಂದ ಅಳೆದರೆ ಎಷ್ಟು ಹೊತ್ತಿಗೆ ಎಷ್ಟು ಮಿಲಿಮೀಟರ್ ಬೀಳುತ್ತದೆ, ಯಾವ ಮೂಲೆಗೆ ನೀರು ತಲುಪುತ್ತಿಲ್ಲ ಎಂಬುದೆಲ್ಲ ಗೊತ್ತಾಗುತ್ತದೆ.

ನೀರಿಗೆ ಬೇರೆ ಮೂಲ ಹುಡುಕುವುದಾದರೆ, ಬಟ್ಟೆ ಯಂತ್ರದ ಕೊನೆಯ ಜಾಲಿಸುವ ನೀರು ಬಳಸಬಹುದು. ಮೊದಲ ಸೋಪಿನ ನೀರು ಬೇಡ. ಅದರಲ್ಲಿರುವ ಸೋಡಿಯಂ ಮಣ್ಣಿನ ಕಣಗಳ ಜೋಡಣೆಯನ್ನು ಕೆಡಿಸಿ ಮಣ್ಣನ್ನು ಗಟ್ಟಿಯಾಗಿಸುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಸಾಂದ್ರವಾಗಿರುವುದರಿಂದ ಅದನ್ನೇ ಸತತವಾಗಿ ಹಾಕಬಾರದು, ಬೇರೆ ನೀರಿನೊಡನೆ ಬೆರೆಸಿ ಆಗೊಮ್ಮೆ ಈಗೊಮ್ಮೆ ಹಾಕಬಹುದು. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ ಇರುವ ಅಪಾರ್ಟ್‌ಮೆಂಟಿನವರಿಗೆ ಸಂಸ್ಕರಿಸಿದ ನೀರು ಸಿಗುತ್ತದೆ. ಹುಲ್ಲಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಸ್ವಲ್ಪ ಸಾರಜನಕವೂ ಸಿಗುತ್ತದೆ. ಮಳೆನೀರಿನ ತೊಟ್ಟಿ ಇದ್ದವರಂತೂ ಪುಣ್ಯವಂತರು: ಸಾವಿರ ಚದರಡಿಯ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು 1,500 ಲೀಟರಾದರೂ ಕೈಗೆ ಬರುತ್ತದೆ.

ಬಯಲುಸೀಮೆ, ಚಿತ್ರದುರ್ಗ:

ನಾನು ಭಿನ್ನ ಮಾತು ಹೇಳುತ್ತೇನೆ, ಯಾರೂ ಬೇಸರಿಸಿಕೊಳ್ಳಬಾರದು. ಕುಡಿಯುವ ನೀರಿಗಾಗಿ ಬಿಂದಿಗೆ ಸಾಲು ಹಿಡಿದು ನಿಲ್ಲುವ ಊರಿನಲ್ಲಿ ಬೆಳೆದ ನನಗೆ ತಿಂಗಳಿಗೆ 6,000 ಲೀಟರ್ ನೀರನ್ನು ತಿನ್ನಲೂ ಬಾರದ, ದನಕ್ಕೂ ಹಾಕದ ಹುಲ್ಲಿಗೆ ಸುರಿಯುವುದು ಒಪ್ಪಿಗೆಯಾಗುವುದಿಲ್ಲ. ಇಂಥ ಅಂಗಳದ ಕಲ್ಪನೆ ಬಂದದ್ದು ವರ್ಷವಿಡೀ ತುಂತುರು ಬೀಳುವ ನಾಡಿನಿಂದ. ನಮ್ಮ ಅಜ್ಜಿಯರ ಕಾಲದ ಅಂಗಳ ಸಗಣಿ ಸಾರಿಸಿದ ಬರಿನೆಲವಾಗಿತ್ತು. ಹಸಿರು ಬೇಕೆಂದರೆ ನೀರು ಕಡಿಮೆ ಕೇಳುವ, ಕತ್ತರಿಸುವ ಗೋಜಿಲ್ಲದ ನೆಲಹಿಪ್ಪಲಿ, ಹಳದಿ ಹೂವಿನ ಅರಾಕಿಸ್ ಪಿಂಟೋಯ್ ಮುಂತಾದ ಹಬ್ಬುಗಿಡಗಳಿವೆ. ಇಡೀ 600 ಚದರಡಿ ಹುಲ್ಲು ಏಕೆ ಬೇಕು ಎಂದು ಒಮ್ಮೆ ಕೇಳಿಕೊಳ್ಳಬೇಕು.

ಬೇರು ಮತ್ತು ಎಲೆ, ಬೆಂಗಳೂರು:

ಬಯಲುಸೀಮೆ ಅವರೇ, ನಿಮ್ಮ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿಯೇ ಇರಬೇಕೆಂಬ ಹಟವನ್ನು ಬಿಡುವುದೇ ಇದಕ್ಕೆ ಉತ್ತರ ಎಂಬುದು ನನ್ನ ನಂಬಿಕೆ. ಗರಿಕೆಯನ್ನು ನೋಡಿ: ಹೊಲದ ಬದುವಿನಲ್ಲಿ ಯಾರೂ ನೀರು ಹಾಕುವುದಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಪೂರ್ತಿ ಒಣಗಿ ಸತ್ತಂತೆ ಕಾಣುತ್ತದೆ, ಮಣ್ಣಿನೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡು ಮಳೆ ಬಿದ್ದ ವಾರದೊಳಗೆ ಚಿಗುರುತ್ತದೆ. ಜೋಯ್ಸಿಯಾಕ್ಕೂ ಆ ಗುಣವಿದೆ. ಕಡಿಮೆ ಆಳದ ಗಟ್ಟಿ ಮಣ್ಣಿನಲ್ಲಿ ಅದು ಗರಿಕೆಯಷ್ಟು ದಿನ ತಾಳಲಾರದು; ಹಾಗಾಗಿ ಹನಿ ಲೆಕ್ಕ ಅವರು ಹೇಳಿದ 12 ಮಿ.ಮೀ. ನೀರು ಅಗತ್ಯ. ಕಂದು ಬಣ್ಣದಿಂದ ಗಾಬರಿಯಾಗಬೇಕಿಲ್ಲ. ಬುಡವನ್ನು ಉಗುರಿನಿಂದ ಕೆರೆದು ನೋಡಿದಾಗ ಬಿಳಿ ಅಥವಾ ತಿಳಿಹಸಿರು ಕಂಡರೆ ಸಸ್ಯ ಬದುಕಿದೆ.

ವಿಶ್ರಾಂತಿಗೆ ಬಿಟ್ಟ ಹುಲ್ಲಿನ ಮೇಲೆ ಓಡಾಟ ಮಾತ್ರ ಕಡಿಮೆಯಾಗಬೇಕು. ತಾಯಿಯವರ ಬೆಳಗಿನ ನಡಿಗೆಗೆ ಅಂಗಳದ ಒಂದು ಬದಿಯ 150 ಚದರಡಿಯನ್ನು ಗುರುತಿಸಿ, ಅಷ್ಟಕ್ಕೆ ಮಾತ್ರ ಪೂರ್ತಿ ನೀರು ಕೊಟ್ಟು ಹಸಿರಾಗಿಟ್ಟುಕೊಳ್ಳಿ. ವಾರಕ್ಕೆ 350 ಲೀಟರ್ ಸಾಕು, ಜಾಲಿಸಿದ ನೀರಿನಿಂದಲೇ ದೊಡ್ಡ ಪಾಲು ಸರಿಹೋದೀತು. ಉಳಿದದ್ದು ಮಳೆಯವರೆಗೆ ಮಲಗಿರಲಿ. ಕಾಲಿಟ್ಟ ಜಾಗದಲ್ಲಿ ಹೆಜ್ಜೆಗುರುತು ಮೇಲೇಳದೆ ಹಾಗೆಯೇ ಉಳಿದರೆ, ಎಲೆ ಉದ್ದಕ್ಕೆ ಮಡಚಿಕೊಂಡು ನೀಲಿಬೂದು ಬಣ್ಣಕ್ಕೆ ತಿರುಗಿದ್ದರೆ, ಆ ಭಾಗಕ್ಕೆ ನೀರು ಬೇಕಾಗಿದೆ ಎಂದು ತಿಳಿಯಬಹುದು.

ಯೂರಿಯಾ ಈಗ ಖಂಡಿತ ಬೇಡ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಒಣ ಮಣ್ಣಿಗೆ, ಬಿಸಿಲಿಗೆ ಎರಚಿದರೆ ಎಲೆ ಸುಡುತ್ತದೆ, ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರಿಲ್ಲದ ಕಾಲದಲ್ಲಿ ಮಲಗಿರುವ ಹುಲ್ಲನ್ನು ಬಲವಂತವಾಗಿ ಎಬ್ಬಿಸಿ ಎಳೆ ಚಿಗುರು ಹೊರಡಿಸುವುದು ಅದಕ್ಕೆ ಮಾಡುವ ಅನ್ಯಾಯ.

ಡಲ್ಲಾಸ್ ಅಂಗಳ, ಟೆಕ್ಸಸ್:

ಹುಬ್ಬಳ್ಳಿಯವನು, ಈಗ ಡಲ್ಲಾಸ್‌ನಲ್ಲಿದ್ದೇನೆ. ಇಲ್ಲಿ ಮನೆ ಮುಂದಿನ ಹುಲ್ಲು ಕಳೆಗುಂದಿದರೆ ಬಡಾವಣೆಯ ಸಂಘದಿಂದ ಪತ್ರವೇ ಬರುತ್ತದೆ, ಆದರೂ ನಗರದ ನಿಯಮದಂತೆ ಸ್ಪ್ರಿಂಕ್ಲರ್ ನೀರನ್ನು ವಾರಕ್ಕೆ ಎರಡೇ ದಿನ ಬಿಡಬಹುದು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಬಿಡುವಂತೆಯೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ 38 ಡಿಗ್ರಿ ದಾಟುವ ದಿನಗಳು ಸಾಲುಸಾಲಾಗಿ ಬರುತ್ತವೆ. ಹಾಗಿದ್ದೂ ಇಲ್ಲಿನ ಸೇಂಟ್ ಆಗಸ್ಟೀನ್ ಹುಲ್ಲು, ಅಂದರೆ ಊರಿನಲ್ಲಿ ಬಫಲೋ ಎಂದು ಕೆಲವರು ಕರೆಯುವ ಅಗಲ ಎಲೆಯ ಹುಲ್ಲು, ಉಳಿದುಕೊಳ್ಳುವುದು ಮೋವರನ್ನು ಮೂರೂವರೆ ಇಂಚಿಗೆ ಏರಿಸುವುದರಿಂದ.

ಊರಿನ ಬಂಧುಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಅಮೆರಿಕ, ಇಂಗ್ಲೆಂಡಿನ ಬಹುಪಾಲು ವಿಡಿಯೋಗಳು ಫೆಸ್ಕ್ಯೂ, ರೈ, ಬ್ಲೂಗ್ರಾಸ್ ಎಂಬ ಚಳಿನಾಡಿನ ಹುಲ್ಲುಗಳನ್ನು ಕುರಿತವು. ಅವು ಬೇಸಿಗೆಯಲ್ಲಿ ಸೊರಗಿ, ಶರತ್ಕಾಲ ಮತ್ತು ವಸಂತದಲ್ಲಿ ಬೆಳೆಯುವ ಜಾತಿಗಳು. ಸೆಪ್ಟೆಂಬರ್‌ನಲ್ಲಿ ಬೀಜ ಎರಚಿ, ವಸಂತದಲ್ಲಿ ಗೊಬ್ಬರ ಹಾಕಿ ಎಂಬ ಸಲಹೆಯೆಲ್ಲ ಅವುಗಳಿಗೆ. ಅದನ್ನು ನಂಬಿ ಮಾರ್ಚ್‌ನಲ್ಲಿ ಧಾರವಾಡದಲ್ಲೋ ಮೈಸೂರಿನಲ್ಲೋ ಗೊಬ್ಬರ ಸುರಿದರೆ ಹಾನಿಯೇ ಆಗುತ್ತದೆ. ನನ್ನ ಅಂಗಳದ ಹುಲ್ಲು ಮಲಗುವುದು ಡಿಸೆಂಬರಿನ ಚಳಿಗೆ. ನಿಮ್ಮದು ಮಲಗುವುದು ಏಪ್ರಿಲ್‌ನ ಬರಕ್ಕೆ. ಹಾಗಾಗಿ ನಮ್ಮ ಕ್ಯಾಲೆಂಡರ್ ನಿಮಗೆ ಹೊಂದದು.

ಮುರಕಲ್ಲು, ಮಂಗಳೂರು:

ಕರಾವಳಿಯವರಿಗಾಗಿ ಚಿಕ್ಕದೊಂದು ಮಾತು. ತೆಂಗು, ಮಾವಿನ ನೆರಳಿರುವಲ್ಲಿ ಗರಿಕೆ ಎಷ್ಟು ಆರೈಕೆ ಮಾಡಿದರೂ ನಿಲ್ಲುವುದಿಲ್ಲ. ಅಗಲ ಎಲೆಯ ಹುಲ್ಲು ಅರೆನೆರಳಿನಲ್ಲಿ ಬದುಕುತ್ತದೆ, ಅದನ್ನು ಬಿಸಿಲಿನಲ್ಲಿರುವುದಕ್ಕಿಂತ ಎತ್ತರವಾಗಿಯೇ ಬಿಡಬೇಕು. ದಟ್ಟ ನೆರಳಾದರೆ ಹುಲ್ಲಿನ ಆಸೆ ಬಿಟ್ಟು ತರಗೆಲೆ ಹೊದಿಸುವುದು ಒಳ್ಳೆಯದು.

ಅಂಗಳದ ಹಸಿರು, ಬೆಂಗಳೂರು:

ಬಯಲುಸೀಮೆ ಅವರ ಮಾತನ್ನು ಮನೆಯಲ್ಲಿ ಎಲ್ಲರೂ ಕುಳಿತು ಚರ್ಚಿಸಿದೆವು. ಕಾಂಪೌಂಡಿನ ಪಕ್ಕದ ಹೊಂಗೆ ಮರದ ಕೆಳಗಿನ ಭಾಗವನ್ನು ಪೂರ್ತಿ ಬಿಟ್ಟುಕೊಟ್ಟು ಅಲ್ಲಿ ಎಲೆ ಹೊದಿಸುವುದೆಂದು, ಅಮ್ಮನಿಗಾಗಿ ಒಂದು ಪಟ್ಟಿಯನ್ನು ಮಾತ್ರ ಹಸಿರಾಗಿಡುವುದೆಂದು ನಿರ್ಧರಿಸಿದ್ದೇವೆ. ಈಗ ಮತ್ತೊಂದು ತೊಂದರೆ ಕಂಡಿದೆ. ನೀರು ನಿಲ್ಲಿಸಿದ ಭಾಗದಲ್ಲಿ ಹುಲ್ಲಿನ ಮೇಲೆ ತೆಳ್ಳಗೆ ಕೆಂಪು ಮಣ್ಣಿನ ಪೊರೆ ಕಟ್ಟಿದೆ, ಕೆರೆದರೆ ಒಳಗೆ ಗೆದ್ದಲು. ನೀರು ಹಾಕುವ ಭಾಗದಲ್ಲಿ ಕೊನ್ನಾರಿ ಎದ್ದಿದೆ. ಔಷಧಿ ಅಂಗಡಿಯವರು ಒಂದು ಬಾಟಲಿ ಕೊಡಲು ಸಿದ್ಧರಿದ್ದಾರೆ, ನಾನು ಇನ್ನೂ ತಂದಿಲ್ಲ.

ಬೇರು ಮತ್ತು ಎಲೆ, ಬೆಂಗಳೂರು:

ತಾರದೆ ಕಾದದ್ದು ಒಳ್ಳೆಯದಾಯಿತು. ಗೆದ್ದಲು ಹುಲ್ಲುಹಾಸಿನಲ್ಲಿ ಮುಖ್ಯವಾಗಿ ತಿನ್ನುವುದು ಸತ್ತ ಎಲೆ, ಒಣ ಕಾಂಡವನ್ನು. ಬೋಳಿಸಿದಾಗ ಉಳಿದ ಒಣ ಪದರ ಅದಕ್ಕೆ ಆಹಾರವಾಗಿದೆ. ಮಣ್ಣಿನ ಪೊರೆಯನ್ನು ಕಡ್ಡಿ ಪೊರಕೆಯಿಂದ ಒಡೆದು ಹಾಕಿ, ಹಲ್ಲಿನ ಸಲಿಕೆಯಿಂದ ಒಣ ಕಸವನ್ನು ಹಗುರವಾಗಿ ಬಾಚಿ ತೆಗೆದು, ಅಲ್ಲಿಗೆ ಒಮ್ಮೆ ಚೆನ್ನಾಗಿ ನೀರು ಕೊಡಿ. ಮನೆಯ ಗೋಡೆಯತ್ತ ಗೆದ್ದಲಿನ ದಾರಿ ಹೊರಟಿದ್ದರೆ ಮಾತ್ರ ಅದು ಬೇರೆಯೇ ವಿಷಯ, ತಿಳಿದವರನ್ನು ಕರೆಸಬೇಕು.

ಕೊನ್ನಾರಿ ಕಷ್ಟದ ಕಳೆ. ಮೇಲಿನಿಂದ ಕಿತ್ತರೆ ನೆಲದೊಳಗಿನ ಗಡ್ಡೆಗಳ ಸರಣಿ ಹಾಗೆಯೇ ಉಳಿದು ಮತ್ತೆ ಎದ್ದು ಬರುತ್ತದೆ. ಮಣ್ಣು ಹದವಾಗಿ ಒದ್ದೆಯಿರುವಾಗ ಸಣ್ಣ ಕುರ್ಚಿಗೆಯನ್ನು ಆಳಕ್ಕೆ ಇಳಿಸಿ ಗಡ್ಡೆ ಸಮೇತ ತೆಗೆಯಬೇಕು, ಉಳಿದದ್ದು ನಾಲ್ಕೈದು ಎಲೆ ಬಿಟ್ಟೊಡನೆ ಮತ್ತೆ ತೆಗೆಯಬೇಕು. ಹೀಗೆ ಬಿಡದೆ ಮಾಡಿದರೆ ಗಡ್ಡೆಯಲ್ಲಿನ ಆಹಾರ ಬರಿದಾಗುತ್ತದೆ. ಹುಲ್ಲು ಎತ್ತರವಾಗಿ ಒತ್ತಾಗಿದ್ದಲ್ಲಿ ಬೀಜದಿಂದ ಹುಟ್ಟುವ ಬೇರೆ ಕಳೆಗಳಿಗೆ ಬೆಳಕು ಸಿಗದೆ ಅವು ತಾವಾಗಿಯೇ ಕಡಿಮೆಯಾಗುತ್ತವೆ. ಕೊನ್ನಾರಿಗೆ ಈ ಉಪಾಯ ಸಾಲದು.

ಎರೆ ಭೂಮಿ, ಧಾರವಾಡ:

ನಿನ್ನೆ ಸಂಜೆ ನಮ್ಮಲ್ಲಿ ಭರಣಿ ಮಳೆ ಚೆನ್ನಾಗಿ ಹೊಯ್ದಿದೆ. ಬೆಂಗಳೂರಿನಲ್ಲೂ ಬಿದ್ದಿತೆಂದು ಕೇಳಿದೆ. ಮೊದಲ ಮಳೆ ಬಿದ್ದೊಡನೆ ಮೋವರ್, ಯೂರಿಯಾ ಎರಡನ್ನೂ ಒಟ್ಟಿಗೆ ಹೊರತೆಗೆಯುವ ರೂಢಿ ಹಲವರಲ್ಲಿದೆ. ಅದು ಸರಿಯೇ ಎಂದು ಮೇಡಂ ತಿಳಿಸಬೇಕು.

ಬೇರು ಮತ್ತು ಎಲೆ, ಬೆಂಗಳೂರು:

ಒಂದು ಮಳೆಗೆ ಅವಸರ ಬೇಡ. ಬೆಂಗಳೂರಿಗೆ ಮೇ ತಿಂಗಳಲ್ಲಿ ಸರಾಸರಿ ನೂರು ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಕೃತ್ತಿಕಾ ಮಳೆಯ ಹೊತ್ತಿಗೆ ಮಣ್ಣು ಆರೇಳು ಇಂಚು ನೆನೆದಿರುತ್ತದೆ. ಹೊಸ ಎಲೆ ತೋರಿಕೊಂಡು, ಹುಲ್ಲು 6 ಸೆಂ.ಮೀ. ದಾಟುವವರೆಗೆ ಕಾದು, ಮಣ್ಣು ಒದ್ದೆಯಿಲ್ಲದ ಸಂಜೆ ನೋಡಿ, ಎತ್ತರದ ಗುರುತಿನಲ್ಲೇ ಮೊದಲ ಕತ್ತರಿಕೆ ಮಾಡಿ. ಕತ್ತರಿಸುವ ಮುನ್ನ ಕಲ್ಲು, ಕಡ್ಡಿ ಆಯ್ದು, ಮುಚ್ಚಿದ ಪಾದರಕ್ಷೆ ಧರಿಸಿ. ವಿದ್ಯುತ್ತಿನ ಯಂತ್ರವಾದರೆ ಒದ್ದೆ ಹುಲ್ಲಿನ ಮೇಲೆ ಎಂದೂ ಓಡಿಸಬೇಡಿ. ಪ್ರತಿ ಸಲವೂ ದಿಕ್ಕು ಬದಲಾಯಿಸಿದರೆ ಹುಲ್ಲು ಒಂದೇ ಕಡೆಗೆ ವಾಲುವುದು ತಪ್ಪುತ್ತದೆ. ಮೂರನೆಯ ಒಂದು ಭಾಗವನ್ನಷ್ಟೇ ತೆಗೆದಾಗ ಬೀಳುವ ತುಣುಕುಗಳು ಸಣ್ಣವಾದ್ದರಿಂದ ಗುಡಿಸಿ ಹೊರಗೆ ಹಾಕುವ ಅಗತ್ಯವಿಲ್ಲ. ಅವು ಅಲ್ಲೇ ಕೊಳೆತು, ವರ್ಷಕ್ಕೆ ಬೇಕಾದ ಸಾರಜನಕದ ಕಾಲು ಭಾಗದಷ್ಟನ್ನು ಮಣ್ಣಿಗೆ ಮರಳಿಸುತ್ತವೆ.

ಎರಡು ಮೂರು ಒಳ್ಳೆಯ ಮಳೆಯಾದ ಮೇಲೆ, ಕಾಲ್ದಾರಿಯಾಗಿ ಗಟ್ಟಿಯಾದ ಜಾಗಗಳಲ್ಲಿ ಮುಳ್ಳುಗುದ್ದಲಿಯನ್ನು ಅಂಗೈ ಅಗಲಕ್ಕೊಂದರಂತೆ ಚುಚ್ಚಿ ಸ್ವಲ್ಪ ಹಿಂದಕ್ಕೆ ಬಾಗಿಸಿ, ಜರಡಿ ಹಿಡಿದ ಎರೆಗೊಬ್ಬರ ಮತ್ತು ಮರಳನ್ನು ಬೆರೆಸಿ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹರಡಿ, ಎಲೆ ಮುಚ್ಚದಂತೆ ಪೊರಕೆಯ ಹಿಂಬದಿಯಿಂದ ಕೆಳಕ್ಕಿಳಿಸಿ. ಯೂರಿಯಾ ಹಾಕುವವರು ಜೂನ್ ಆರಂಭದಲ್ಲಿ, ಚದರ ಮೀಟರಿಗೆ 10 ಗ್ರಾಂ ಮೀರದಂತೆ, ಎಲೆ ಒಣಗಿರುವಾಗ ಎರಚಿ ಕೂಡಲೇ ನೀರು ಕೊಡಬೇಕು. ನಿಮ್ಮ 56 ಚದರ ಮೀಟರಿಗೆ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ಸಾಕು.

ಮುಂಗಾರು ಪೂರ್ವ ಮಳೆಯ ಸಂಜೆಗಳಲ್ಲಿ ದೀಪದ ಸುತ್ತ ಕಂದು ದುಂಬಿಗಳು ಹಾರುವುದನ್ನು ಕಂಡರೆ ಗಮನದಲ್ಲಿಟ್ಟುಕೊಳ್ಳಿ. ಅವು ಮಣ್ಣಿನಲ್ಲಿ ಇಟ್ಟ ಮೊಟ್ಟೆಯಿಂದ ಗೊಣ್ಣೆಹುಳುಗಳು ಹುಟ್ಟಿ, ಜೂನ್ ಕೊನೆಯಿಂದ ಬೇರು ತಿನ್ನತೊಡಗುತ್ತವೆ. ಮಳೆಗಾಲದಲ್ಲಿ ನೀರು ಸಾಕಷ್ಟಿದ್ದೂ ಹುಲ್ಲು ತೇಪೆ ತೇಪೆಯಾಗಿ ಹಳದಿಯಾದರೆ ಒಂದು ಹಿಡಿ ಹುಲ್ಲನ್ನು ಎಳೆದು ನೋಡಿ. ಬೇರಿಲ್ಲದೆ ಸಡಿಲವಾಗಿ ಮೇಲೆದ್ದು ಬಂದರೆ ಕೆಳಗಿನ ಮಣ್ಣನ್ನು ನಾಲ್ಕು ಬೆರಳಿನ ಆಳಕ್ಕೆ ಕೆದಕಿ, ಬಾಗಿದ ಬಿಳಿ ಹುಳುಗಳು ಒಂದು ಚದರಡಿಗೆ ಎಷ್ಟಿವೆ ಎಂದು ಎಣಿಸಿ ಇಲ್ಲಿ ತಿಳಿಸಿ. ಎಣಿಕೆ ಸಿಕ್ಕ ಮೇಲೆ ಬೇವಿನ ಹಿಂಡಿ ಸಾಕೇ, ಬೇರೇನಾದರೂ ಬೇಕೇ ಎಂದು ಮಾತನಾಡೋಣ.